ಹಿಂದಿನ ಸೀಟಿನ ಟರ್ಬೊ

ನಮ್ಮಜ್ಜಿಯ ಕಥೆಗಳಲ್ಲಿ ರಾಜನಿಗೆ ಇಬ್ಬರು ಅಳಿಯಂದಿರಿದ್ದರೆ ಒಬ್ಬನಿಗೆ ಹಾರುವ ಕುದುರೆ ಇರುತ್ತದೆ, ಇನ್ನೊಬ್ಬನಿಗೆ ಕುಂಟ ಕುದುರೆ. ಕೊನೆಗೆ ಗೆಲ್ಲುವವನು ಕುಂಟ ಕುದುರೆಯವನೇ. ಇಂಥ ಕಥೆ ಕೇಳುತ್ತ ಬೆಳೆದವಳು ನಾನು. ಹಾಗಾಗಿ ನಮ್ಮ ಚಿಗಪ್ಪ ಗುರುಶಾಂತನ ಬಿಳಿ ಸಣ್ಣ ಕಾರು ಹುಣಸೆಮರದ ದಿನ್ನೆಯ ಅರ್ಧ ಏರಿನಲ್ಲಿ ನಿಂತು, ಉಸ್ಸೆಂದು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿದಾಗ ನನಗೆ ಗಾಬರಿಯಾಗಲಿಲ್ಲ. ಕಥೆ ಸರಿಯಾದ ದಾರಿಯಲ್ಲೇ ಹೊರಟಿದೆ ಅಂದುಕೊಂಡೆ. ಗಾಬರಿಯಾದವರು ಮುಂದಿನ ಸೀಟಿನಲ್ಲಿದ್ದ ರಾಜರು.

ರಾಜರೆಂದರೆ ಚಿಗಪ್ಪನ ಮಾವ, ಹೂವಿನಹಡಗಲಿಯ ಶಿವಯೋಗಪ್ಪನವರು. ಮಲ್ಲಿಗೆ ತೋಟದ ಒಡೆಯರು, ರೇಷ್ಮೆ ರುಮಾಲಿನವರು. ತಿಂಗಳಿಗೊಂದು ಭಾನುವಾರ ಮೈಲಾರಕ್ಕೆ ಹೋಗಿಬರುವುದು ಅವರ ನೇಮ. ಅವರನ್ನು ಕರೆದೊಯ್ಯುವುದು ಹಿರಿಯ ಅಳಿಯನ ಹಕ್ಕು. ಆ ಮನೆಯಲ್ಲಿ ಹಿರಿಯ ಅಳಿಯನೆಂದರೆ ಮೊದಲ ಮಣೆ, ಮೊದಲ ಹೋಳಿಗೆ, ಮಾವನವರ ಪಕ್ಕದ ಸ್ಟೇರಿಂಗು. ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು, ಜನ ಕೊಂಡ ಸ್ಟೀಲ್ ಪಾತ್ರೆಗಳ ಮೇಲೆ ಮಿಷನ್ನಿನಲ್ಲಿ ಹೆಸರು ಕೊರೆದುಕೊಡುವ ನಮ್ಮ ಚಿಗಪ್ಪನಿಗೆ ಜಗತ್ತಿನಲ್ಲಿ ಇದ್ದ ಪದವಿ ಅದೊಂದೇ.

ಮಾವನವರು ಇಳಿದರು. ದಿನ್ನೆಯ ಗಾಳಿಗೆ ಸಡಿಲವಾದ ರುಮಾಲು ಬಿಚ್ಚಿ, ರಸ್ತೆಯ ನಡುವೆ ನಿಂತು, ಒಂದೊಂದೇ ಸುತ್ತು ಸುತ್ತಿಕೊಳ್ಳತೊಡಗಿದರು. ಅವರು ಮಾತಾಡದೆ ರುಮಾಲು ಸುತ್ತುತ್ತಿದ್ದಾರೆಂದರೆ ಯಾರದ್ದೋ ಮರ್ಯಾದೆ ಬಿಚ್ಚಿದೆ ಎಂದೇ ಅರ್ಥ.

ಅಷ್ಟರಲ್ಲಿ ಹಿಂದಿನಿಂದ ಕರಿ ಬಣ್ಣದ ದೊಡ್ಡ ಗಾಡಿಯೊಂದು ಬಂದು ನಿಂತಿತು. ಒಳಗೆ ಕಿರಿಯ ಅಳಿಯ ಬಸವೇಶ. ಹರಪನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ, ಕಣ್ಣಿಗೆ ಕಪ್ಪು ಕನ್ನಡಕ.

"ಯಾಕ್ರಿ ಅಣ್ಣಾರ, ಗಾಡಿ ದಣದೈತೇನು?"

"ದಣಿಯೋದೇನು. ಮಾವಾರು ಗಾಳಿ ತಗೊಳ್ಳಿ ಅಂತ ನಿಲ್ಲಿಸೀನಿ," ಎಂದ ಚಿಗಪ್ಪ. ಆಗಲೂ ಕಾರು ಜಾರುತ್ತಲೇ ಇತ್ತು. ಚಿಗವ್ವ ಸುಮಲತಾ ಕೆಳಗಿಳಿದು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದಳು.

"ನಂದು ಟರ್ಬೊ ಐತ್ರಿ ಮಾವಾರ. ಏರು ಅನ್ನೋದ ಅದಕ್ಕ ಗೊತ್ತಿಲ್ಲ. ಬರ್ರಿ, ಹತ್ರಿ."

ಮಾವನವರು ರುಮಾಲಿನ ತುದಿ ಸಿಗಿಸಿ, ಹಿರಿಯ ಅಳಿಯನ ಕಡೆ ತಿರುಗಿದರು. "ಅಳಿಯಂದ್ರ, ನಿಮ್ಮ ಗಾಡಿ ಭಾಳ ಸಂಭಾವಿತ ಐತಿ. ಹಿರೇರು ಕುಂತಾರ ಅಂತ ಮುಂದ ಹೋಗಾಕ ನಾಚ್ತೈತಿ."

ಬೈದಿದ್ದರೆ ಚಿಗಪ್ಪ ತಡೆದುಕೊಳ್ಳುತ್ತಿದ್ದ. ಮರ್ಯಾದೆಯಿಂದ ಆಡಿದ ಮಾತು ನೇರ ಎದೆಗೆ ನಾಟಿತು. ಬಾಯಿ ತಾನಾಗಿಯೇ ತೆರೆಯಿತು. "ಮಾವಾರ, ಟರ್ಬೊ ನಾನೂ ಹೇಳೀನಿ. ದಾರ್ಯಾಗ ಐತಿ, ಬರ್ತೈತಿ."

"ಬರ್ಲಿ. ಬರೋ ತಿಂಗಳು ನಿಮ್ಮ ಗಾಡ್ಯಾಗ ಹೋಗೋಣ. ಆವಾಗೂ ಇಲ್ಲೇ ನಿಂತ್ರ, ಇನ್ನ ಮ್ಯಾಲೆ ಮೈಲಾರಕ್ಕ ನಾನು ಬಸವೇಶಪ್ಪನ ಜೋಡಿ. ಯಾರು ಹಿರೇ ಅಳಿಯ ಅನ್ನೋದು ಈ ದಿನ್ನಿನ ಹೇಳ್ಲಿ."

ಕರಿ ಗಾಡಿ ಮಾವನವರನ್ನು ಹತ್ತಿಸಿಕೊಂಡು ಹೋಯಿತು. ಅದರ ಧೂಳು ಇಳಿದ ಮೇಲೆ ಚಿಗಪ್ಪ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ. "ಯವ್ವಾ, ಟರ್ಬೊ ಅಂದ್ರ ಏನು?"

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ಕಾರು ಹುಟ್ಟು ಸೋಮಾರಿಯಲ್ಲ. ಮೊನ್ನೆ ಮೊನ್ನೆಯವರೆಗೂ ಕೊಪ್ಪರಿಗೆ, ಕೊಡಗಳನ್ನು ಹೊಟ್ಟೆ ತುಂಬ ಹೇರಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸಂತೆಗಳಿಗೆ ಓಡುತ್ತಿತ್ತು. ಅದನ್ನು ಕಂಡು ಎದುರುಮನೆ ಓಬಮ್ಮ ಒಂದು ದಿನ, "ಏನವ್ವಾ, ನಿಮ್ಮ ಗಾಡಿ ಕುದುರಿ ಹಂಗ ಓಡ್ತೈತಿ," ಎಂದುಬಿಟ್ಟಳು. ನಮ್ಮಜ್ಜಿ ನಾಗಲಿಂಗಮ್ಮ ಅಂದೇ ಸಂಜೆ ಮೈಲಾರದ ಭಂಡಾರವನ್ನು, ಅದೇ ದೇವರ ಅರಿಷಿಣಪುಡಿಯನ್ನು, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ದೃಷ್ಟಿ ಗಂಟು ಮಾಡಿ ಕಾರಿಗೆ ಇಟ್ಟಳು. ಎಲ್ಲಿಟ್ಟಳೆಂದು ಯಾರೂ ಕೇಳಲಿಲ್ಲ. ಎಲ್ಲಿದೆ ಎಂದು ಹೇಳಿದರೆ ಗಂಟಿನ ಶಕ್ತಿ ಹೋಗುತ್ತದೆ ಎಂಬುದು ನಿಯಮ. ಕಾರು ಏದುಸಿರು ಬಿಡತೊಡಗಿದ್ದು ಆ ವಾರದಿಂದಲೇ. ಅಜ್ಜಿಯ ಪ್ರಕಾರ, ಓಬಮ್ಮನ ಕಣ್ಣು ಅಂಥದ್ದು; ಗಂಟು ಕಟ್ಟಿದ್ದಕ್ಕೆ ಇಷ್ಟಾದರೂ ಓಡುತ್ತಿದೆ.

ಕೊಟ್ಟೂರಿಗೆ ಮರಳಿದ ಚಿಗಪ್ಪ ಮೊದಲು ಮಾಡಿದ ಕೆಲಸವೆಂದರೆ ಒಂದು ಸ್ಟೀಲ್ ಮುಚ್ಚಳ ತೆಗೆದುಕೊಂಡು, ಅದರ ಮೇಲೆ ಮಿಷನ್ನಿನಿಂದ ದಪ್ಪಗೆ "ಟರ್ಬೊ" ಎಂದು ಕೊರೆದು, ಕಾರಿನ ಬೆನ್ನಿಗೆ ಸ್ಕ್ರೂ ಹೊಡೆದದ್ದು.

"ಕೂಸು ಹುಟ್ಟೋಕಿಂತ ಮೊದ್ಲ ಕುಲಾವಿ," ಎಂದಳು ಚಿಗವ್ವ.

"ಹುಟ್ಟೋದು ಖರೇ ಐತಿ ಅಂದಮ್ಯಾಲೆ ಕುಲಾವಿ ಹೊಲಸಿದ್ರ ಏನು ತಪ್ಪು?"

"ಯಾರ ಹೊಟ್ಟ್ಯಾಗ ಐತಿ ಅನ್ನೋದಾದ್ರೂ ಗೊತ್ತಿರಬೇಕಲ್ರಿ."

ಆ ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಟರ್ಬೊ ನೋಡುವ ಶಾಸ್ತ್ರ ನಡೆಯಿತು. ಶಾಸ್ತ್ರ ಎಂದು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಓಣಿಯಲ್ಲಿ ಹೆಣ್ಣು ನೋಡುವುದಕ್ಕೂ ವಸ್ತು ನೋಡುವುದಕ್ಕೂ ಅಂಥ ಭೇದವಿಲ್ಲ. ಓಬಮ್ಮ ಎಲೆಯಡಿಕೆ ಚೀಲದ ಸಮೇತ ಬಂದಳು. ಗ್ಯಾರೇಜಿನ ಮಾರೇಶ ಕೈಗೆ ಗ್ರೀಸು ಹಚ್ಚಿಕೊಂಡೇ ಬಂದ. ಕೈ ತೊಳೆದರೆ ಅವನ ಮಾತಿಗೆ ಬೆಲೆ ಇರುವುದಿಲ್ಲ. ನಾನು ಮೊಬೈಲಿನಲ್ಲಿ ಒಂದೊಂದೇ ಫೋಟೊ ತೋರಿಸುತ್ತ ಓದತೊಡಗಿದೆ.

ಮೊದಲು ಬಂದದ್ದು ಒಂದು ಸಿಳ್ಳೆ. ಸೈಲೆನ್ಸರ್ ಬಾಯಿಗೆ ಸಿಗಿಸಿದರೆ ಟರ್ಬೊ ಇದ್ದ ಹಾಗೆ ಬರೀ ಸದ್ದು ಬರುತ್ತದಂತೆ.

"ಇದನ್ನ ತರಿಸ್ರಿ," ಎಂದಳು ಚಿಗವ್ವ. "ನಿಮ್ಗ ಬೇಕಾಗಿದ್ದು ಸದ್ದ ಅಲ್ಲ?"

ಆಮೇಲೆ ಬಂದದ್ದು ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು. ಅಜ್ಜಿ ಫೋಟೊ ನೋಡಿ, "ಗಾಡಿಗೆ ಸೆಕಿ ಆಗೈತೇನು?" ಎಂದು ಮರುಗಿದಳು.

ಕೊನೆಗೆ ಬಂದದ್ದು ಅಸಲಿ ಕಿಟ್ಟು. ಬಸವನಹುಳುವಿನಂತೆ ಸುರುಳಿ ಸುತ್ತಿದ ಕಬ್ಬಿಣದ ಗಡ್ಡೆ, ಅದಕ್ಕೆ ಕೊಳವೆಗಳು, ಗಾಳಿ ತಂಪು ಮಾಡಲು ಒಂದು ಜಾಲರಿ. ನಾನು ಓದಿದ್ದನ್ನು ಬಿಡಿಸಿ ಹೇಳಿದೆ. ಎಂಜಿನ್ನು ಬಿಟ್ಟ ಹೊಗೆಯೇ ಇದರೊಳಗಿನ ಚಕ್ರ ತಿರುಗಿಸುತ್ತದೆ. ಚಕ್ರ ತಿರುಗಿ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಉಸಿರು ಹೆಚ್ಚಾದಷ್ಟು ಗಾಡಿಗೆ ಬಲ ಹೆಚ್ಚು.

"ಅಂದ್ರ ಗಾಡಿನೂ ಉಸರಾಡ್ತೈತೇನು?" ಎಂದಳು ಅಜ್ಜಿ.

"ಹೂಂ ಅಜ್ಜಿ, ನಮ್ಮ ಹಂಗ."

"ನಂಗ ಮೊದ್ಲ ಗೊತ್ತಿತ್ತು ಬಿಡು. ಉಸರು ಹೋಗೋ ಬಾಯಿಂದನ ಕೆಟ್ಟ ಕಣ್ಣೂ ಒಳಗ ಹೋಗೋದು," ಎಂದು ಅಜ್ಜಿ ಓಬಮ್ಮನನ್ನು ನೋಡಿ, ತನ್ನ ಕೆಲಸ ತಾನು ಮಾಡಿ ಮುಗಿಸಿದವಳ ಹಾಗೆ ನೆಮ್ಮದಿಯಿಂದ ಗೋಡೆಗೊರಗಿದಳು.

ಓಬಮ್ಮ ಆ ನೋಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ಹೊಗಿಯಿಂದ ತಿರುಗೋದಂದ್ರ ಭಾಳ ಉಷ್ಣ ಆತಲ್ಲವ್ವ. ಉಷ್ಣದ ಸಾಮಾನು ಮನಿಗೆ ಬರಬಾರದು."

"ತಂಪು ಮಾಡೋ ಜಾಲರಿ ಜೋಡಿ ಐತಲ್ಲ. ಗಂಡ ಉಷ್ಣ, ಹೆಂಡ್ತಿ ತಂಪು. ಜಾತಕ ಕೂಡ್ತೈತಿ," ಎಂದಳು ಅಜ್ಜಿ.

ಮಾರೇಶನಿಗೆ ಇದ್ಯಾವುದೂ ಹಿಡಿಸಲಿಲ್ಲ. "ಅಣ್ಣ, ಈ ಸಣ್ಣ ಪುಟ್ಟದೆಲ್ಲ ಯಾಕ? ನನ್ನ ಹತ್ರ ಲಾರಿದು ಟರ್ಬೊ ಬಿದ್ದೈತಿ. ಹಾಕಿದ್ನಂದ್ರ ಕೊಟ್ಟೂರಾಗ ಚಾಲೂ ಆದ ಗಾಡಿ ದಾವಣಗೆರಿಯಾಗ ನಿಲ್ತೈತಿ."

"ನಡುವ ನಿಲ್ಲಿಸಬೇಕಂದ್ರ?"

"ಅದು ಡ್ರೈವರ್ ಕೈಚಳಕ."

"ಬಾನೆಟ್ಟಿನ್ಯಾಗ ಹಿಡಿಸ್ತೈತೇನು?"

"ಹಿಡಿಸಲಿಲ್ಲಂದ್ರ ಬಾನೆಟ್ ತೆಗದ್ಬಿಡೋಣ. ಗಾಡಿಗೂ ಹಗುರಾತು."

ತಂಪಿನ ಜಾಲರಿ ಇದ್ದ ಕಿಟ್ಟೇ ಕೊನೆಗೆ ಒಪ್ಪಿಗೆಯಾಯಿತು. ಆದರೆ ಒಪ್ಪಿಗೆಯೇ ಬೇರೆ, ತರಿಸುವುದೇ ಬೇರೆ ಎಂದು ಚಿಗಪ್ಪ ಮಲಗಿಬಿಟ್ಟ. ಬೆಳಗಾಗುವಷ್ಟರಲ್ಲಿ ಊರಿನ ಬಾಯಲ್ಲೆಲ್ಲ ಟರ್ಬೊ ಬಂದಾಗಿತ್ತು. ಕೊಡ ಕೊಳ್ಳಲು ಬಂದವರು ಕೊಡ ಬಿಟ್ಟು ಕಾರಿನ ಬೆನ್ನು ಸವರಿ ಹೋಗುತ್ತಿದ್ದರು. ಒಬ್ಬರು ತಮ್ಮ ಬೋರಿನ ಮೋಟರಿಗೆ ಇದು ಆಗುತ್ತದೆಯೇ ಎಂದು ಕೇಳಿದರು. ಇನ್ನೊಬ್ಬ ತಾಯಿ ಎಸ್ಸೆಸ್ಸೆಲ್ಸಿಯಲ್ಲೇ ಕೂತುಬಿಟ್ಟಿದ್ದ ಮಗನನ್ನು ಕರೆತಂದು, "ಇವನಿಗೊಂದು ಕೂಡಸಾಕ ಬರ್ತೈತೇನು ನೋಡಪ್ಪ," ಎಂದಳು.

ಚಿಗಪ್ಪ ಯಾರಿಗೂ ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುವುದು ಅವನ ಸ್ವಭಾವದಲ್ಲೇ ಇರಲಿಲ್ಲ. ಈ ಕಥೆಯ ದುರಂತವೆಲ್ಲ ಅಲ್ಲೇ ಇದೆ.

ಮೈಲಾರಕ್ಕೆ ಹೋಗುವ ವಾರದ ಸಂತೆಯ ದಿನ ಅಂಗಡಿ ಮುಂದೆ ಹೆಡ್ ಕಾನ್‌ಸ್ಟೇಬಲ್ ಹುಲುಗಣ್ಣನವರು ಬಂದು ನಿಂತರು. ಕಾನೂನನ್ನು ಮೈಗೆ ಎಣ್ಣೆಯಂತೆ ಹಚ್ಚಿಕೊಂಡ ಮನುಷ್ಯ. ಮುಚ್ಚಳದ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದಿ, "ಯಾರ್ದಿದು?" ಎಂದರು.

"ನಂದ್ರಿ ಸಾಹೇಬ್ರ."

"ಎಂಜಿನ್ ಬದ್ಲಿ ಮಾಡೀರೇನು? ಪರವಾನಗಿ ಎಲ್ಲೈತಿ? ಇಲ್ದಿದ್ರ ಗಾಡಿ ಸ್ಟೇಷನ್ನಿಗೆ ನಡೀಲಿ."

ಚಿಗಪ್ಪನ ಬಣ್ಣ ಇಳಿಯಿತು. "ಇಲ್ರಿ ಸಾಹೇಬ್ರ. ಇನ್ನೂ ಕೂಡ್ಸಿಲ್ರಿ."

"ಕೂಡ್ಸಿಲ್ಲಂದ್ರ ಬೋರ್ಡ್ ಯಾಕ? ಇಲ್ಲದ್ದು ಐತಿ ಅಂತ ಬರಕೊಂಡು ತಿರುಗೋದು ಜನಕ್ಕ ಮೋಸ."

ಸುತ್ತ ಜನ ಸೇರಿತ್ತು. ಅವರಲ್ಲಿ ಹರಪನಹಳ್ಳಿಯ ಒಬ್ಬ, ಬಸವೇಶನ ಅಂಗಡಿಯ ಖಾಯಂ ಗಿರಾಕಿ, ಕಿವಿಯನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದ. ಇದೆ ಎಂದರೆ ಗಾಡಿ ಹೋಗುತ್ತದೆ, ಇಲ್ಲ ಎಂದರೆ ಹಿರಿಯ ಅಳಿಯತನ ಹೋಗುತ್ತದೆ. ಅಜ್ಜಿಯ ಕಥೆಗಳಲ್ಲಿ ಇಂಥ ಕಡೆ ಒಂದು ಮಾತಾಡುವ ಹಕ್ಕಿ ಬರುತ್ತದೆ. ಪಾತ್ರೆ ಅಂಗಡಿಗೆ ಯಾವ ಹಕ್ಕಿಯೂ ಬರಲಿಲ್ಲ.

"ಐತ್ರಿ," ಎಂದ ಚಿಗಪ್ಪ. "ಆದ್ರ ಪೆಟ್ಟಿಗ್ಯಾಗ ಐತ್ರಿ."

ಹುಲುಗಣ್ಣನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ತೀರ್ಪು ನಿಧಾನವಾಗಿ ಹೊರಬಿತ್ತು. "ಎಂಜಿನ್ನಿನ್ಯಾಗ ಇದ್ರ ಅಪರಾಧ. ಪೆಟ್ಟಿಗ್ಯಾಗ ಇದ್ರ ಸಾಮಾನು. ಸಾಮಾನು ಹೇರ್ಕೊಂಡು ಹೋಗಾಕ ಅಡ್ಡಿಯಿಲ್ಲ. ಬೋರ್ಡೂ ಸುಳ್ಳಾಗಂಗಿಲ್ಲ, ಗಾಡ್ಯಾಗ ಟರ್ಬೊ ಐತಲ್ಲ. ಆದ್ರ ಪೆಟ್ಟಿಗಿ ಸೀಲ್ ಒಡೀಬಾರದು. ಬರೋ ಭಾನುವಾರ ನಂಗ ಮೈಲಾರದ ದಾರಿ ಬಂದೋಬಸ್ತಿಗೆ ಹಾಕ್ಯಾರ. ನಿಮ್ಮ ಮಾವಾರ ಜೋಡಿ ಬರ್ತೀರಲ್ಲ, ಅಲ್ಲಿ ನೋಡ್ತೀನಿ."

ಹೀಗೆ, ಸುಳ್ಳನ್ನು ನಿಜ ಮಾಡಲು ಪೆಟ್ಟಿಗೆ ತರಿಸಲೇಬೇಕಾಯಿತು. ತರಿಸಿದ್ದನ್ನು ಕೂಡಿಸುವ ಹಾಗಿರಲಿಲ್ಲ. ಬಸ್ಸಿನ ಪಾರ್ಸಲ್ಲಿನಲ್ಲಿ ಬಂದ ಪೆಟ್ಟಿಗೆಯನ್ನು ಹಿಂದಿನ ಸೀಟಿನ ನಡುವೆ ಕೂರಿಸಿ, ಬೆಲ್ಟು ಹಾಕಿ, ವಿಭೂತಿ ಹಚ್ಚಿದರು. ಭಾನುವಾರ ಬೆಳಿಗ್ಗೆ ಅದರ ಎಡಕ್ಕೆ ಅಜ್ಜಿ, ಅಜ್ಜಿಯ ತೊಡೆಗೆ ಅಂಟಿಕೊಂಡು ನಾನು, ಬಲಕ್ಕೆ ಬಾಗಿಲಿಗೆ ಒತ್ತಿಕೊಂಡು ಚಿಗವ್ವ.

"ಮದಿವಿಯಾದಾಗಿಂದ ನನಗ ಒಂದಿನ ಬೆಲ್ಟ್ ಹಾಕಿಲ್ಲ," ಎಂದಳು ಚಿಗವ್ವ. "ಈ ಸವತಿಗೆ ನೋಡು."

ಹಡಗಲಿ ಬರುವವರೆಗೂ ಚಿಗಪ್ಪನ ತುಟಿ ಅಲುಗುತ್ತಿತ್ತು. ಕೂಡಿಸದ ಟರ್ಬೊ ಗಾಡಿ ಎಳೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ದಿನ್ನೆಯ ಮುಂದೆ ಏನು ಹೇಳಬೇಕೆಂದು ಸುಳ್ಳುಗಳನ್ನು ಜೋಡಿಸಿಕೊಳ್ಳುತ್ತಿದ್ದ.

ಹಡಗಲಿಯ ಮಾವನ ಮನೆಯ ಮುಂದೆ ಬಸವೇಶನ ಕರಿ ಗಾಡಿ ಆಗಲೇ ನಿಂತಿತ್ತು. ಹೂ ಬಿಡಿಸಿ ಬಂದ ಹೆಂಗಸರೆಲ್ಲ ಅದರ ಸುತ್ತ ನೆರೆದು, ಅದರ ಹೊಳಪಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. ಹೊರಡುವ ಮುಂಚೆ ಎರಡೂ ಗಾಡಿಗೆ ಪೂಜೆಯಾಗಲೆಂದು ಎರಡರ ಬಾನೆಟ್ಟನ್ನೂ ಎತ್ತಿ ಗಂಡಸರು ಚಹಾಕ್ಕೆ ಒಳಗೆ ಹೋದರು. ಅಜ್ಜಿ ಊದಿನಕಡ್ಡಿ ಹಿಡಿದಳು, ನಾನು ತಟ್ಟೆ ಹಿಡಿದೆ.

ಮೊದಲು ನಮ್ಮ ಕಾರು. ಅಜ್ಜಿ ಎಂಜಿನ್ನಿಗೆ ಕುಂಕುಮ ಹಚ್ಚಿದಳು. ಆಮೇಲೆ ಮುಂದಿನ ದೀಪದ ಹಿಂದೆ ಬಾಯಿ ತೆರೆದುಕೊಂಡಿದ್ದ ಕರಿ ಕೊಳವೆಯೊಳಗೆ ಕೈ ಇಳಿಸಿ, ಬೆಲ್ಲದ ಹೆಂಟೆಯಷ್ಟು ದೊಡ್ಡ ಒಂದು ಹಳದಿ ಗಂಟನ್ನು ಹೊರಗೆಳೆದಳು. ಆ ಕೊಳವೆಯ ಚಿತ್ರ ನಾನು ಮೊಬೈಲಿನಲ್ಲಿ ನೋಡಿದ್ದೆ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಮೂಗು ಅದು.

"ಅಜ್ಜಿ, ಇದನ್ನ ಇಲ್ಲಿಟ್ಟಿದ್ದೇನು?"

"ಹೂಂ. ಬಾಯಿ ತುಂಬಂಗ ಇಟ್ಟಿದ್ದೆ, ಒಂದು ಕಣ್ಣೂ ನುಗ್ಗಬಾರದು ಅಂತ. ಈಗ ಇವನಿಗೆ ಟರ್ಬೊ ಬಂದೈತಿ. ಒಂದು ಬಾಗಲಕ್ಕ ಇಬ್ರು ಕಾವಲು ಕುಂತ್ರ ಇಬ್ರೂ ಮಲಗ್ತಾರ." ಅಜ್ಜಿ ಕರಿ ಗಾಡಿಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು. "ಪಾಪ ಬಸವೇಶಪ್ಪ. ಹಡಗಲಿ ಕಣ್ಣೆಲ್ಲ ಅವನ ಗಾಡಿ ಮ್ಯಾಲದಾವ. ಅವನೇನು ಬ್ಯಾರೆಯವನ?"

ಎಷ್ಟು ಚೆನ್ನಾಗಿ ನ್ಯಾಯ ಮಾಡುತ್ತಾಳೆ ನಮ್ಮಜ್ಜಿ. ಕರಿ ಗಾಡಿಯ ಮೂಗು ಹುಡುಕಿ, ಗಂಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿ, "ಬಾಯಿ ಬಿಟ್ಟೀಯ ಮತ್ತ, ಶಕ್ತಿ ಹೋಗ್ತೈತಿ," ಎಂದಳು. ರಾಕ್ಷಸನ ಜೀವ ಎಲ್ಲೋ ದೂರದ ಒಂದು ದುಂಬಿಯಲ್ಲಿರುತ್ತದೆ ಎಂದು ನನಗೆ ಕಲಿಸಿದವಳು ಇವಳೇ. ಗಾಡಿಯ ಜೀವ ಸೀರೆಯ ತುಂಡಿನಲ್ಲಿದ್ದರೆ ಆಶ್ಚರ್ಯವೇನು? ನಾನು ಬಾಯಿ ಬಿಡಲಿಲ್ಲ.

ದಿನ್ನೆಯ ಬುಡದಲ್ಲಿ ಹುಲುಗಣ್ಣನವರು ಕೈ ಅಡ್ಡ ಹಿಡಿದರು. ಹಿಂದಿನ ಕಿಟಕಿಯಲ್ಲಿ ತಲೆ ಹಾಕಿ ಪೆಟ್ಟಿಗೆಯ ಸೀಲು ಮುಟ್ಟಿ ನೋಡಿ, ಸೆಲ್ಯೂಟಿಗೂ ನಮಸ್ಕಾರಕ್ಕೂ ನಡುವಿನದೇನನ್ನೋ ಮಾಡಿ, ಹೋಗಿ ಎಂದರು. ಮಾವನವರು ಆಗಲೇ ರುಮಾಲಿನ ಮೇಲೆ ಕೈ ಇಟ್ಟುಕೊಂಡಿದ್ದರು.

ಚಿಗಪ್ಪ ಕಣ್ಣು ಮುಚ್ಚಿ ಪೆಡಲ್ ಒತ್ತಿದ.

ಕಾರು ದಿನ್ನೆಯನ್ನು ಹತ್ತಲಿಲ್ಲ, ನುಂಗಿತು. ಸ್ಟೀಲ್ ಮುಚ್ಚಳ ತಾಳ ಹಾಕಿತು, ಚಿಗವ್ವ ಸವತಿಯನ್ನೇ ತಬ್ಬಿಕೊಂಡಳು, ಎಲ್ಲರಿಗಿಂತ ಹೆಚ್ಚು ಹೆದರಿದವನು ಚಿಗಪ್ಪ. ನಿಂತ ಕಾರಿಗೆ ಹೇಳಬೇಕಾದ ಸುಳ್ಳುಗಳೆಲ್ಲ ಅವನ ಬಳಿ ಸಿದ್ಧವಿದ್ದವು. ಓಡುವ ಕಾರಿಗೆ ಒಂದೂ ಇರಲಿಲ್ಲ. ಮಾವನವರು ಮಾತ್ರ ಮೈಲಾರದ ದೇವರನ್ನು ನೆನೆದು ಮೆಲ್ಲಗೆ "ಏಳುಕೋಟಿ, ಏಳುಕೋಟಿ" ಎನ್ನುತ್ತಿದ್ದರು.

ನೆತ್ತಿಯಲ್ಲಿ ನಿಂತು ಹಿಂದೆ ನೋಡಿದೆವು. ಅರ್ಧ ಏರಿನಲ್ಲಿ ಕರಿ ಗಾಡಿ ಕರಿ ಹೊಗೆ ಕಾರುತ್ತ ಕೆಮ್ಮುತ್ತಿತ್ತು. ಬಸವೇಶ ಕಪ್ಪು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ.

ಮಾವನವರು ಹಿಂದಿನ ಸೀಟಿನ ಪೆಟ್ಟಿಗೆಗೆ ಕೈ ಮುಗಿದರು. "ಅಳಿಯಂದ್ರ, ಪೆಟ್ಟಿಗ್ಯಾಗ ಕುಂತ ಇಷ್ಟು ಮಾಡ್ತೈತಿ. ಹೊರಗ ಬಂತಂದ್ರ ನಮ್ಮ ಗತಿ ಏನು? ಬಿಚ್ಚಬ್ಯಾಡ್ರಿ."

"ಇಲ್ರಿ ಮಾವಾರ," ಎಂದ ಚಿಗಪ್ಪ. ಅವನ ಬೆನ್ನು ಸ್ಟೀಲ್ ಕೊಡದಂತೆ ನೆಟ್ಟಗಾಗಿತ್ತು. "ಆರಿಸಿ ಆರಿಸಿ ತರಿಸೀನಿ."

ಮೈಲಾರದಲ್ಲಿ ದರ್ಶನವಾಯಿತು, ಎಲ್ಲರ ಹಣೆಗೂ ಭಂಡಾರವಾಯಿತು. ಊಟದ ಹೊತ್ತಿಗೆ ಬಸವೇಶ ತೆವಳುತ್ತ ಬಂದು ತಲುಪಿದ. ಚಿಗಪ್ಪನ ಎಲೆಗೆ ಮೊದಲ ಹೋಳಿಗೆ ಬಿದ್ದದ್ದನ್ನು ನೋಡಿ ಪಕ್ಕಕ್ಕೆ ಬಂದು ಕೂತ.

"ಅಣ್ಣಾರ, ಕಂಪನಿ ಕೂಡ್ಸಿದ ಟರ್ಬೊದಾಗ ಜೀವ ಇಲ್ರಿ. ವಾಪಸ್ ಹೋಗೋ ತನಕ ನಿಮ್ಮ ಪೆಟ್ಟಿಗಿ ನನ್ನ ಗಾಡ್ಯಾಗ ಇಡಸ್ರಿ. ನಿಮ್ಮ ಗಾಡಿಗೇನು, ಈಗ ಹಾದಿ ಗೊತ್ತಾಗೈತಿ."

ಹೊಗಳಿದವನಿಗೆ ಚಿಗಪ್ಪ ಹಿಂದೆ ಕೊಪ್ಪರಿಗೆಗಳನ್ನೇ ಕೊಟ್ಟು ಕಳಿಸಿದ್ದಾನೆ. ಇದು ಬರೀ ಪೆಟ್ಟಿಗೆ. ಅದೂ ಮಾವನವರ ಎದುರಿಗೆ. "ಒಯ್ಯಪ್ಪ ತಮ್ಮ. ಕಿರಿಯರ್ನ ಮುಂದ ತರೋದು ಹಿರಿಯರ ಕೆಲಸ," ಎಂದುಬಿಟ್ಟ. ಪೆಟ್ಟಿಗೆ ದೇವರ ಪಲ್ಲಕ್ಕಿಯ ಹಾಗೆ ಕರಿ ಗಾಡಿಗೆ ಹೋಯಿತು. ಚಿಗವ್ವ ಕಾಲು ಚಾಚಿ ಕೂತು, "ಸದ್ಯ ಸವತಿ ತವರಿಗೆ ಹೋದ್ಲು," ಎಂದಳು.

ಆಗ ಅಜ್ಜಿ ಎದ್ದದ್ದನ್ನು ನಾನೊಬ್ಬಳೇ ನೋಡಿದೆ. ಹೊಗೆಯ ಕಾರಣ ಹುಡುಕಲೆಂದು ಬಸವೇಶ ಬಾನೆಟ್ಟು ಎತ್ತಿಯೇ ಬಿಟ್ಟಿದ್ದ. ಗಾಡಿ ತಣ್ಣಗಾಗಲೆಂದು ಚಿಗಪ್ಪನೂ ತನ್ನದನ್ನು ಎತ್ತಿದ್ದ. ಅಜ್ಜಿ ನೆಟ್ಟಗೆ ಕರಿ ಗಾಡಿಯ ಮೂಗಿಗೆ ಕೈ ಹಾಕಿದಳು.

"ಅಜ್ಜಿ, ಅದು ಅಲ್ಲೇ ಇರ್ಲಿ ಬಿಡು."

"ಅವನಿಗೀಗ ಟರ್ಬೊ ಸಿಕ್ಕೈತಿ. ನನ್ನ ಮಗಗ ಯಾರದಾರ?" ಎಂದು ಅಜ್ಜಿ, ಮೈಲಾರದ ಹೊಸ ಭಂಡಾರ ಸೇರಿಸಿ ಇನ್ನಷ್ಟು ದಪ್ಪ ಮಾಡಿದ ಗಂಟನ್ನು ನಮ್ಮ ಕಾರಿನ ಕೊಳವೆಗೆ ಇಳಿಸಿದಳು.

ನಾನು ಚಿಗಪ್ಪನ ಬಳಿ ಓಡಿದೆ. ನಿಯಮ ಮುರಿದರೂ ಸರಿಯೆಂದು, "ಚಿಗಪ್ಪ, ನಮ್ಮ ಕಾರಿನ ಉಸರು..." ಎಂದೆ.

"ಉಸರಿನ ಮಾತ ಆಡಬ್ಯಾಡ," ಎಂದ ಚಿಗಪ್ಪ ಮಾವನವರಿಗೆ ಬಾಗಿಲು ತೆರೆಯುತ್ತ. "ಉಸರು ತಗೊಳ್ಳದಂಗ ಹತ್ತಿದ್ದು ನೀನ ನೋಡಿಯಲ್ಲ."

ದಿನ್ನೆಗಳ ಗುಣವೆಂದರೆ ಅವು ಎರಡೂ ಕಡೆಯಿಂದ ಏರೇ ಆಗಿರುತ್ತವೆ. ಮರಳುವಾಗ ಕಾರು ಅರ್ಧ ಏರಿನವರೆಗೆ ಬಂದು, ಉಸ್ಸೆಂದು ನಿಂತಿತು. ಹಿಂದಿನಿಂದ ಬಂದ ಕರಿ ಗಾಡಿ ಗಾಳಿಯಂತೆ ದಾಟಿ, ಮುಂದೆ ಹೋಗಿ ನಿಂತುಕೊಂಡಿತು. ಅದರ ಹಿಂದಿನ ಗಾಜಿನಲ್ಲಿ ಬೆಲ್ಟು ಹಾಕಿಕೊಂಡ ಪೆಟ್ಟಿಗೆ ಕಾಣುತ್ತಿತ್ತು. ಚಿಗವ್ವ ಇಳಿದು ಕಲ್ಲು ಹುಡುಕಲು ಹೋದಳು.

ಮಾವನವರು ಇಳಿದರು. ರುಮಾಲು ಬಿಚ್ಚಿದರು, ಸುತ್ತಿದರು, ತುದಿ ಸಿಗಿಸಿದರು. "ಅಳಿಯಂದ್ರ, ತಪ್ಪು ಗಾಡಿದಲ್ಲ. ಕೊಡಬಾರದ್ದನ್ನ ಕೊಟ್ಟ್ರಿ. ಹಿರೇತನ ಹಿಂದಿನ ಸೀಟಿನ್ಯಾಗ ಇತ್ತು." ಕರಿ ಗಾಡಿಯ ಕಡೆ ನಡೆದು ಹೋದರು.

ಚಿಗಪ್ಪ ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಮಾವನವರ ಖಾಲಿ ಸೀಟಿನ ಮೇಲೆ ಒಂದಿಷ್ಟು ಭಂಡಾರ ಚೆಲ್ಲಿತ್ತು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ದಿನ್ನೆಯ ಮೇಲೆ ಕೆಳಗೆ ಕಣ್ಣಾಡಿಸಿ, ನನ್ನ ಓಢಣಿಯ ತುದಿಯನ್ನು ಬೆರಳಲ್ಲಿ ತಿಕ್ಕಿ ಬಟ್ಟೆ ಎಷ್ಟು ಗಟ್ಟಿಯೆಂದು ನೋಡಿದಳು.

"ಎಂಥಾ ಕೆಟ್ಟ ಕಣ್ಣೋ ಏನೋ ಯವ್ವಾ, ಒಂದು ಗಂಟಿಗೆ ಬಗ್ಗವಲ್ದು," ಎಂದಳು. "ಇಷ್ಟು ಹರದುಕೊಡು. ಇನ್ನೊಂದು ಕಟ್ಟೋಣ."